ಕೊಂಡ ಆಟ, ಕಲಂ 52

ಬುಡಮೇರು ಹೆಸರಿಗೆ ಹಳ್ಳ. 2024ರ ಸೆಪ್ಟೆಂಬರ್ 1ರಂದು ಅದು ದಂಡೆ ಒಡೆದುಕೊಂಡು ವಿಜಯವಾಡದೊಳಗೆ ನುಗ್ಗಿದಾಗ ಅಜಿತ್ ಸಿಂಗ್ ನಗರದಂಥ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಮರುದಿನ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆಯ ಹರಿವು 11.43 ಲಕ್ಷ ಕ್ಯೂಸೆಕ್ ಮುಟ್ಟಿತು. ಆ ಬ್ಯಾರೇಜು ಅಷ್ಟು ನೀರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನಿರುವ ಭವಾನಿಪುರಂ ಬ್ಯಾರೇಜಿಗಿಂತ ಮೇಲಿನ ದಂಡೆಯಲ್ಲಿದೆ. ಎದುರಿಗೆ ಕೃಷ್ಣೆ, ಬೆನ್ನಿಗೆ ಬುಡಮೇರು. ಆಲಮಟ್ಟಿ, ನಾರಾಯಣಪುರ ದಾಟಿ ಬಂದ ಹೊಳೆ ಎಂದು ಉಳಿದ ದಿನ ಹೆಮ್ಮೆಪಡುವ ನನ್ನಂಥ ಕನ್ನಡಿಗರೂ ಆ ವಾರ ಅದರ ಸುದ್ದಿ ಎತ್ತಲಿಲ್ಲ.

ಅಕ್ಕಿ, ಔಷಧಿ, ದಾಖಲೆಪತ್ರಗಳ ಚಿಂತೆ ಮುಗಿದ ಮೇಲೆ ಜನ ಸಣ್ಣ ನಷ್ಟಗಳ ಲೆಕ್ಕಕ್ಕೆ ಬರುತ್ತಾರೆ. ಪಕ್ಕದ ಬೀದಿಯ ಕಾಲೇಜು ಹುಡುಗನೊಬ್ಬನ ಪ್ರಶ್ನೆ ಅಂಥದ್ದು. ಹಳೆಯ ಗೇಮಿಂಗ್ ಕನ್ಸೋಲ್ ಕೆಸರು ಕುಡಿದು ಸತ್ತಿತ್ತು. ಅದರ ಹಾರ್ಡ್ ಡಿಸ್ಕಿನಲ್ಲಿ ಅವನಪ್ಪನ ಕಾರ್ಡಿನಿಂದ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡ ಆಟಗಳಿದ್ದವು. ಅವುಗಳ ಒಂದೊಂದು ಪ್ರತಿಯನ್ನು ಮೊದಲೇ ಲ್ಯಾಪ್‌ಟಾಪಿಗೆ ತೆಗೆದಿಟ್ಟುಕೊಂಡು ಎಮ್ಯುಲೇಟರಿನಲ್ಲಿ ಆಡಿದ್ದರೆ ಅದು ಕಳ್ಳತನವೇ?

ಅಲ್ಲ ಎಂಬುದು ನನ್ನ ಉತ್ತರ, ಅದೂ ನಮ್ಮದೇ ಕಾಯ್ದೆ ಪುಸ್ತಕ ನೋಡಿ ಕೊಡುವ ಉತ್ತರ. ಈ ದೇಶದ ಕಾನೂನು ಆಟ ಕೊಂಡವನ ಕಡೆಗೆ ಎಷ್ಟು ವಾಲಿಕೊಂಡಿದೆ ಎಂಬುದು ಆಡುವವರಿಗೂ ಗೊತ್ತಿಲ್ಲ, ಮಾರುವವರು ಹೇಳುವುದೂ ಇಲ್ಲ.

ಮೊದಲು ರೋಗವನ್ನು ನೋಡೋಣ. ಡಿಸ್ಕ್ ಕೊಂಡರೆ ವಸ್ತು ಕೈಯಲ್ಲಿರುತ್ತದೆ. ಡೌನ್‌ಲೋಡ್ ಕೊಂಡರೆ ಕೈಯಲ್ಲಿರುವುದು ಒಂದು ಖಾತೆ, ಆ ಖಾತೆಯ ಹಿಂದೆ ಒಂದು ಸರ್ವರ್. ಸರ್ವರ್ ಇರುವತನಕ ಯಂತ್ರ ಕೆಟ್ಟರೂ ಹೊಸದನ್ನು ತಂದು, ಲಾಗಿನ್ ಆಗಿ, ಮತ್ತೆ ಇಳಿಸಿಕೊಳ್ಳಬಹುದು. ನಿಂಟೆಂಡೊ ತನ್ನ ವೀ ಯಂತ್ರದ ಅಂಗಡಿಯನ್ನು 2019ರ ಜನವರಿ 30ರಂದು ಮುಚ್ಚಿತು. 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರ ಮಾರ್ಚ್ 27ರಂದು ಬಾಗಿಲು ಹಾಕಿದವು. ಮೈಕ್ರೋಸಾಫ್ಟ್ 2024ರ ಜುಲೈ 29ರಂದು ಎಕ್ಸ್‌ಬಾಕ್ಸ್ 360ರ ಅಂಗಡಿ ಮುಚ್ಚಿತು. ಸೋನಿ 2021ರ ಮಾರ್ಚಿನಲ್ಲಿ ಪ್ಲೇಸ್ಟೇಷನ್ 3 ಮತ್ತು ವೀಟಾ ಅಂಗಡಿಗಳನ್ನು ಮುಚ್ಚುತ್ತೇವೆ ಎಂದು ಸಾರಿತು. ಕೊಂಡವರು ಬೊಬ್ಬೆ ಹಾಕಿದ ಮೇಲೆ ಏಪ್ರಿಲಿನಲ್ಲಿ ಮಾತು ಹಿಂದಕ್ಕೆ ತೆಗೆದುಕೊಂಡಿತು. ಹೀಗೆ ಮುಚ್ಚಿದ ಬಹುಪಾಲು ಅಂಗಡಿಗಳಲ್ಲಿ ಹಳೇ ಗಿರಾಕಿಗಳು ಕೊಂಡದ್ದನ್ನು ಮತ್ತೆ ಇಳಿಸಿಕೊಳ್ಳಲು ಕಿಟಕಿಯೊಂದನ್ನು ಬಿಟ್ಟಿದ್ದಾರೆ, ನಿಜ. ಕಿಟಕಿ ಎಷ್ಟು ವರ್ಷ ತೆರೆದಿರುತ್ತದೆ ಎಂಬ ಲಿಖಿತ ವಾಗ್ದಾನ ಮಾತ್ರ ಎಲ್ಲೂ ಇಲ್ಲ. ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ಕಾರ್ ಓಟದ ಆಟವನ್ನು 2024ರ ಮಾರ್ಚ್ 31ರಂದು ನಿಲ್ಲಿಸಿ, ಆಮೇಲೆ ಕೊಂಡವರ ಖಾತೆಗಳಿಂದ ಪರವಾನಗಿಯನ್ನೇ ಕಿತ್ತುಕೊಂಡಿತು.

ಇದೆಲ್ಲ ಜಪಾನ್, ಅಮೆರಿಕ, ಫ್ರಾನ್ಸ್ ಕಂಪನಿಗಳ ಪುರಾಣ, ನಮಗೇನು ಎನ್ನುವವರಿಗೆ ಬೆಂಗಳೂರಿನ ಒಂದು ಉದಾಹರಣೆ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದು; 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ದೊಡ್ಡ ದೊಡ್ಡ ವಿದೇಶಿ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಡುವುದು ಅದರ ಕಸುಬಾಗಿತ್ತು. ಫೋರ್ಜಾ ಹೊರೈಜನ್ 4ರಲ್ಲಿ ಈ ಬೆಂಗಳೂರಿನವರ ಕೈಕೆಲಸವಿದೆ. 2024ರ ಡಿಸೆಂಬರ್ 15ರಂದು ಆ ಆಟ ಡಿಜಿಟಲ್ ಅಂಗಡಿಗಳಿಂದ ಮಾಯವಾಯಿತು. ಆಟದಲ್ಲಿ ದೋಷವಿರಲಿಲ್ಲ, ಗಿರಾಕಿಯೂ ಇದ್ದ. ಆದರೆ ಆಟದಲ್ಲಿ ಓಡುವ ನಿಜವಾದ ಕಾರುಗಳ, ಹಾಡುಗಳ ಪರವಾನಗಿ ಅವಧಿ ಮುಗಿದಿತ್ತು. ಆ ಆಟ ಇಂದು ಹೊಸದಾಗಿ ಬೇಕೆಂದರೆ ಹಳೇ ಡಿಸ್ಕ್ ಹುಡುಕಬೇಕು.

ಎಮ್ಯುಲೇಟರ್ ಎಂದರೆ ಒಂದು ಯಂತ್ರದ ನಡತೆಯನ್ನು ಇನ್ನೊಂದು ಯಂತ್ರದಲ್ಲಿ ನಟಿಸುವ ತಂತ್ರಾಂಶ. ಪ್ಲೇಸ್ಟೇಷನ್ 2ಕ್ಕೆ ಪಿಸಿಎಸ್‌ಎಕ್ಸ್2, ಪ್ಲೇಸ್ಟೇಷನ್ 3ಕ್ಕೆ ಆರ್‌ಪಿಸಿಎಸ್3, ವೀ ಯಂತ್ರಕ್ಕೆ ಡಾಲ್ಫಿನ್, ವೀ ಯುಗೆ ಸೆಮು. ಇವನ್ನು ಬರೆಯುವುದು ಅಪರಾಧವಲ್ಲ ಎಂದು ಅಮೆರಿಕದ ನ್ಯಾಯಾಲಯವೇ ಸೋನಿ ಮತ್ತು ಕನೆಕ್ಟಿಕ್ಸ್ ವ್ಯಾಜ್ಯದಲ್ಲಿ 2000ದಲ್ಲಿ ಒಪ್ಪಿದೆ. ತಕರಾರೆಲ್ಲ ಎಮ್ಯುಲೇಟರಿಗೆ ಉಣಿಸುವ ಆಟದ ಫೈಲಿನದು, ಅದಕ್ಕಿಂತ ಹೆಚ್ಚಾಗಿ ಆ ಫೈಲಿನ ಮೇಲಿನ ನಕಲು-ತಡೆ ಬೀಗದ್ದು. 2024ರ ಫೆಬ್ರವರಿಯಲ್ಲಿ ನಿಂಟೆಂಡೊ ಯೂಜು ಎಂಬ ಸ್ವಿಚ್ ಎಮ್ಯುಲೇಟರಿನ ತಯಾರಕರ ಮೇಲೆ ಹಾಕಿದ ದಾವೆಯ ತಿರುಳೂ ಅದೇ: ಬೀಗ ಮುರಿಯಲು ನೆರವಾದಿರಿ. ತಯಾರಕರು ವಾರ ತುಂಬುವುದರೊಳಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಅಂಗಡಿ ಕಟ್ಟಿದರು. ಅಂದಿನಿಂದ ನಮ್ಮ ಹುಡುಗರ ತಲೆಯಲ್ಲಿ ‘ಬ್ಯಾಕಪ್ ಎಂದರೆ ಜೈಲು’ ಎಂಬ ಭಯ ಕೂತಿದೆ.

ಅಮೆರಿಕದಲ್ಲಿ ಆ ಭಯಕ್ಕೆ ಕಾರಣವಿದೆ. ಅಲ್ಲಿನ 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆಯಡಿ ಬೀಗ ಮುರಿಯುವುದೇ ತಪ್ಪು. ಒಳಗಿನ ಮಾಲು ನಿಮ್ಮದೇ ಆಗಿದ್ದರೂ ಪ್ರತ್ಯೇಕ ವಿನಾಯಿತಿ ಬೇಕು. ನಾವು ಭಯವನ್ನು ಆಮದು ಮಾಡಿಕೊಂಡೆವು, ಕಾಯ್ದೆಯನ್ನು ಮಾಡಿಕೊಂಡಿರಲಿಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಯಾವುದು ಉಲ್ಲಂಘನೆಯಲ್ಲ ಎಂದು ಪಟ್ಟಿ ಮಾಡುತ್ತದೆ. ಅದರ ಒಂದನೇ ಉಪಕಲಮಿನಲ್ಲಿ 1994ರ ತಿದ್ದುಪಡಿ ಒಂದು ಖಂಡವನ್ನು ಕೂಡಿಸಿತು. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು, ಅದನ್ನು ಯಾವ ಉದ್ದೇಶಕ್ಕೆ ಕೊಟ್ಟಿದ್ದರೋ ಆ ಉದ್ದೇಶಕ್ಕೆ ಬಳಸಲು ಇನ್ನೊಂದು ಪ್ರತಿ ಮಾಡಬಹುದು. ನಷ್ಟ, ನಾಶ, ಹಾನಿಯಿಂದ ತಾತ್ಕಾಲಿಕ ರಕ್ಷಣೆಗೆಂದು ಬ್ಯಾಕಪ್ ಪ್ರತಿಯನ್ನೂ ಮಾಡಬಹುದು. ಬುಡಮೇರು ಕಂಡವರಿಗೆ ಆ ಮೂರು ಪದಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿ ವಕೀಲ ‘ಕೊಟ್ಟ ಉದ್ದೇಶ’ದ ಹತ್ತಿರ ಅಡ್ಡ ನಿಲ್ಲುತ್ತಾನೆ: ನಮ್ಮ ಯಂತ್ರದಲ್ಲಿ ಆಡಲೆಂದು ಕೊಟ್ಟೆವು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಆಡಲೆಂದಲ್ಲ. ಅದಕ್ಕೆ ಉತ್ತರ 1999ರ ತಿದ್ದುಪಡಿಯಲ್ಲಿದೆ. ಸ್ವಂತಕ್ಕೆ, ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ವಾಣಿಜ್ಯೇತರ ವೈಯಕ್ತಿಕ ಬಳಕೆಗೆ ಪ್ರತಿ ಮಾಡುವುದು ಅಥವಾ ಅದನ್ನು ಮಾರ್ಪಡಿಸುವುದು ಉಲ್ಲಂಘನೆಯಲ್ಲ ಎಂದು ಅದು ಸೇರಿಸಿದೆ. ಅಲ್ಲಿ ‘ಕೊಟ್ಟ ಉದ್ದೇಶ’ದ ಕಟ್ಟಳೆಯೇ ಇಲ್ಲ. ಆಟದೊಳಗಿನ ಸಂಗೀತ, ಚಿತ್ರಗಳು ಪ್ರೋಗ್ರಾಂ ಅಲ್ಲವಲ್ಲ ಎಂಬ ಕುಯುಕ್ತಿ ಉಳಿದಿದ್ದರೆ, ಬೇರೆ ಕೃತಿಗಳ ಖಾಸಗಿ ಬಳಕೆಗೂ ಅದೇ ಕಲಮಿನ ಮೊದಲ ಖಂಡ ಜಾಗ ಬಿಟ್ಟಿದೆ.

ಈ ಬ್ಯಾಕಪ್ ಪ್ರಶ್ನೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ಬಂದದ್ದು ಆಟದ ರೂಪದಲ್ಲಲ್ಲ, ಆದಾಯ ತೆರಿಗೆಯ ರೂಪದಲ್ಲಿ. ಬೆಂಗಳೂರಿನ ಕಂಪನಿಗಳು ವಿದೇಶದಿಂದ ಸಿದ್ಧ ತಂತ್ರಾಂಶ ತರಿಸಿಕೊಳ್ಳುತ್ತಿದ್ದವು. ಆ ಹಣ ಸರಕಿನ ಬೆಲೆಯೋ ಕೃತಿಸ್ವಾಮ್ಯದ ರಾಯಲ್ಟಿಯೋ ಎಂಬುದು ಇಲಾಖೆಯ ಜಗಳ. ಸ್ಯಾಮ್ಸಂಗ್ ಪ್ರಕರಣದಲ್ಲಿ 2011ರಲ್ಲಿ ಹೈಕೋರ್ಟ್ ಇಲಾಖೆಯ ಕಡೆ ನಿಂತಿತು. ಅದು ಕೊಟ್ಟ ಕಾರಣ ನಮಗೆ ಮುಖ್ಯ: ತಂತ್ರಾಂಶವನ್ನು ಹಾರ್ಡ್ ಡಿಸ್ಕಿಗೆ ಇಳಿಸುವುದು, ಬ್ಯಾಕಪ್ ಪ್ರತಿ ತೆಗೆದುಕೊಳ್ಳುವುದು ಲೈಸೆನ್ಸ್ ಇಲ್ಲದಿದ್ದರೆ ಉಲ್ಲಂಘನೆಯಾಗುತ್ತಿತ್ತು, ಆದ್ದರಿಂದ ಕೊಂಡವನು ಪಡೆದದ್ದು ಕೃತಿಸ್ವಾಮ್ಯದ ಒಂದು ತುಣುಕು. ಹತ್ತು ವರ್ಷ ಆ ಮಾತು ನಿಂತಿತ್ತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಬೆಂಗಳೂರಿನ ಕಂಪನಿಯ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಲೆಕೆಳಗು ಮಾಡಿತು. ಬಳಸುವವನು ಬಳಕೆಗೆಂದು ಮಾಡಿಕೊಳ್ಳುವ ಪ್ರತಿ 52ನೇ ಕಲಮಿನ ರಕ್ಷಣೆಯಲ್ಲಿದೆ, ಅದರಿಂದ ಕೃತಿಸ್ವಾಮ್ಯವೇನೂ ಕೈ ಬದಲಾಯಿಸುವುದಿಲ್ಲ, ಆತ ಕೊಟ್ಟದ್ದು ಸರಕಿನ ಬೆಲೆ. ಗೇಮ್ ಆಡುವವರ ಹಕ್ಕು ತೆರಿಗೆ ಜಗಳದ ಕಡತದಲ್ಲಿ ಗಟ್ಟಿಯಾಗಬೇಕಾಯಿತು. ಭಾರತದಲ್ಲಿ ಅನೇಕ ಹಕ್ಕುಗಳ ಗತಿ ಇದೇ.

ಆ ತೀರ್ಪು ನಿಂತ ನೆಲ ಇನ್ನೂ ಹಳೆಯದು, ಮತ್ತು ಅದು ನಾನಿರುವ ರಾಜ್ಯದ್ದು. ಆಂಧ್ರಪ್ರದೇಶ ಸರ್ಕಾರದ ವಿರುದ್ಧ ಟಾಟಾ ಕನ್ಸಲ್ಟೆನ್ಸಿಯ ಪ್ರಕರಣ: ಡಿಸ್ಕಿನಲ್ಲಿ ತುಂಬಿ ಮಾರುವ ತಂತ್ರಾಂಶ ಸರಕೇ, ಅದಕ್ಕೆ ಆಂಧ್ರದ ಮಾರಾಟ ತೆರಿಗೆ ಬೀಳುತ್ತದೆಯೇ? 2004ರ ನವೆಂಬರ್ 5ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಹೌದು ಎಂದಿತು. ಪೀಠದಲ್ಲಿ ನಮ್ಮ ಎನ್. ಸಂತೋಷ್ ಹೆಗ್ಡೆಯವರಿದ್ದರು, ಮುಂದೆ ಕರ್ನಾಟಕದ ಲೋಕಾಯುಕ್ತರಾದವರು. ಅಂದು ತೆರಿಗೆ ಬಿದ್ದವರು ಗೊಣಗಿದರು. ಇಂದು ಆ ತೀರ್ಪು ಗಿರಾಕಿಯ ಆಸ್ತಿ. ತೆರಿಗೆ ಹಾಕುವಾಗ ಸರಕಾಗಿದ್ದದ್ದು ಗಿರಾಕಿ ಪ್ರತಿ ಕೇಳುವಾಗ ಗಾಳಿಯಾಗಲು ಬರುವುದಿಲ್ಲ. ಇಲ್ಲಿ ಒಂದು ತೊಡಕು ಉಂಟು. ಡಿಸ್ಕ್ ಹೋಗಿ ಡೌನ್‌ಲೋಡ್ ಬಂದ ಮೇಲೆ ಜಿಎಸ್‌ಟಿ ಲೆಕ್ಕದಲ್ಲಿ ಅದೇ ಆಟ ‘ಸೇವೆ’ಯಾಗಿ ಶೇ 18ಕ್ಕೆ ಹೋಯಿತು. ಕಂಪನಿಗಳಿಗೆ ಈ ವರ್ಗೀಕರಣ ಇಷ್ಟ, ಏಕೆಂದರೆ ಸೇವೆಯನ್ನು ನಿಲ್ಲಿಸಬಹುದು.

ಬೀಗದ ವಿಷಯಕ್ಕೆ ಬರುತ್ತೇನೆ. 2012ರಲ್ಲಿ ಸಂಸತ್ತು ಕಾಯ್ದೆಗೆ 65ಎ ಕಲಂ ಸೇರಿಸಿತು. ತಾಂತ್ರಿಕ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಜೈಲು, ದಂಡ. ಇಲ್ಲಿಗೆ ಓದು ನಿಲ್ಲಿಸಿದವರು ಹೆದರುತ್ತಾರೆ. ಮುಂದಕ್ಕೂ ಓದಬೇಕು: ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕೆ ಮುರಿದರೆ ಶಿಕ್ಷೆಯಿಲ್ಲ ಎಂದು ಎರಡನೇ ಉಪಕಲಂ ಬಾಯಿಬಿಟ್ಟು ಹೇಳುತ್ತದೆ. ಸ್ವಂತ ಬಳಕೆಯ ಪ್ರತಿ ನಿಷೇಧಿತವಲ್ಲ ಎಂದು 52 ಹೇಳಿಯಾಗಿದೆ. ಎರಡನ್ನೂ ಜೋಡಿಸಿ ಓದಿದರೆ ಭವಾನಿಪುರಂನ ಹುಡುಗನಿಗೆ ಮಿಯಾಮಿಯ ಹುಡುಗನಿಗಿಲ್ಲದ ಸ್ವಾತಂತ್ರ್ಯವಿದೆ. ಒಂದು ತಮಾಷೆಯ ಷರತ್ತೂ ಇದೆ. ಇನ್ನೊಬ್ಬರಿಗೆ ಬೀಗ ತೆರೆದುಕೊಡುವವನು ಆ ವ್ಯಕ್ತಿಯ ಹೆಸರು, ವಿಳಾಸ, ಉದ್ದೇಶಗಳ ಪೂರ್ಣ ದಾಖಲೆ ಇಡಬೇಕು. ಪ್ಲೇಸ್ಟೇಷನ್ 2ರ ಕಾಲದಲ್ಲಿ ಬೆಂಗಳೂರಿನ ಗಾಂಧಿನಗರದಿಂದ ಇಲ್ಲಿನ ಬೆಸೆಂಟ್ ರಸ್ತೆಯವರೆಗೆ ನಕಲಿ ಡಿಸ್ಕ್ ಓಡುವಂತೆ ಕನ್ಸೋಲಿಗೆ ‘ಚಿಪ್ ಹಾಕಿಸುವುದು’ ಪ್ಯಾಂಟಿಗೆ ಅಂಚು ಹೊಲಿಸುವಷ್ಟು ಸಲೀಸಾಗಿತ್ತು. ಆಗ ಈ ಕಲಂ ಇರಲಿಲ್ಲ. ಇದ್ದಿದ್ದರೂ ಗಲ್ಲಾದ ಪಕ್ಕ ಉದ್ದೇಶ ಬರೆಸಿಕೊಳ್ಳುವ ರಿಜಿಸ್ಟರ್ ಇಟ್ಟ ಅಂಗಡಿಯನ್ನು ನಾನು ಊಹಿಸಲಾರೆ.

ಆ ಚಿಪ್ ಕಾಲದ ಹೆಚ್ಚಿನ ವ್ಯಾಪಾರ ಬ್ಯಾಕಪ್ ಅಲ್ಲ, ಶುದ್ಧ ಪೈರಸಿ. 2012ರಲ್ಲೇ ದೆಹಲಿ ಹೈಕೋರ್ಟ್ ಪ್ಲೇಸ್ಟೇಷನ್ ಮಾರ್ಪಡಿಸಿ ನಕಲಿ ಆಟ ತುಂಬಿ ಮಾರುವವರ ವಿರುದ್ಧ ಸೋನಿಯ ಪರವಾಗಿ ತಡೆಯಾಜ್ಞೆ ಕೊಟ್ಟಿತು, ಅದು ಸರಿಯೇ. ನ್ಯಾಯವಾಗಿ ಹೊಂದಿದವನಿಗೆ ಮಾತ್ರ 52ರ ರಕ್ಷಣೆ. ‘ನಾನು ಈ ಆಟ ಕೊಂಡಿದ್ದೇನೆ, ಆದ್ದರಿಂದ ಯಾವುದೋ ಜಾಲತಾಣದಿಂದ ಅದರ ರೋಮ್, ಅಂದರೆ ಆಟದ ಫೈಲು, ಇಳಿಸಿಕೊಳ್ಳುತ್ತೇನೆ’ ಎಂಬ ವಾದ ನಿಲ್ಲುವುದಿಲ್ಲ. ಕಾಯ್ದೆ ಹೇಳುವುದು ನಿಮ್ಮಲ್ಲಿರುವ ‘ಅಂಥ ಪ್ರತಿಯಿಂದ’ ಮಾಡಿದ ಪ್ರತಿಯನ್ನು. ನಕಲಿ ಎಂದು ತಿಳಿದೂ ಬಳಸಿದವನಿಗೆ 63ಬಿ ಕಲಂ ಕಾದಿದೆ. ವಿಚಿತ್ರವೆಂದರೆ ‘ಹತ್ತು ಸಾವಿರ ಆಟ ತುಂಬಿದ ಸ್ಟಿಕ್’ ಎಂದು ಟಿವಿಗೆ ಚುಚ್ಚುವ ಕಡ್ಡಿಗಳು ಆನ್‌ಲೈನ್ ಸಂತೆಯಲ್ಲಿ ರಾಜಾರೋಷವಾಗಿ ಬಿಕರಿಯಾಗುತ್ತವೆ. ಒಂದು ಆಟಕ್ಕೆ ನಾಲ್ಕು ಸಾವಿರ ಕೊಟ್ಟವನು ಪ್ರತಿ ಮಾಡಲು ಅಂಜುತ್ತಾನೆ, ಹತ್ತು ಸಾವಿರ ಆಟ ಕದ್ದವನು ಕ್ಯಾಶ್ ಆನ್ ಡೆಲಿವರಿ ಕೊಡುತ್ತಾನೆ.

ಇನ್ನು ಕೆಲಸದ ಮಾತು. ಪ್ಲೇಸ್ಟೇಷನ್ 2ರ ಡಿಸ್ಕು ಮಾಮೂಲಿ ಡಿವಿಡಿಯ ಹಾಗೆ ಓದಿಸಿಕೊಳ್ಳುತ್ತದೆ. ತಡೆ ಇರುವುದು ನಕಲಿ ಡಿಸ್ಕನ್ನು ಯಂತ್ರ ತಿರಸ್ಕರಿಸುವುದರಲ್ಲಿ, ದತ್ತಾಂಶದಲ್ಲಲ್ಲ. ಕಂಪ್ಯೂಟರಿನ ಸಾಧಾರಣ ಡ್ರೈವಿನಲ್ಲಿ ಹಾಕಿ ಐಎಸ್‌ಓ ಫೈಲ್ ಮಾಡಿಕೊಂಡರೆ ಮುಗಿಯಿತು, ಯಾವ ಬೀಗವನ್ನೂ ಮುಟ್ಟಬೇಕಾಗಿಲ್ಲ. ಯಂತ್ರವನ್ನು ಎಬ್ಬಿಸುವ ಒಳ ತಂತ್ರಾಂಶ ಬಯಾಸನ್ನು ಮಾತ್ರ ಸ್ವಂತ ಯಂತ್ರದಿಂದಲೇ ತೆಗೆಯಬೇಕು. ಪ್ಲೇಸ್ಟೇಷನ್ 3ರಲ್ಲಿ ಇದು ತಿರುಗುಮುರುಗು: ಎಮ್ಯುಲೇಟರಿಗೆ ಬೇಕಾದ ಫರ್ಮ್‌ವೇರನ್ನು ಸೋನಿಯೇ ತನ್ನ ತಾಣದಲ್ಲಿ ಇಟ್ಟಿದೆ, ಆದರೆ ಡೌನ್‌ಲೋಡ್ ಕೊಂಡ ಆಟದ ಪಿಕೆಜಿ ಫೈಲ್ ಒಂದೇ ಸಾಲದು. ಅದನ್ನು ತೆರೆಯುವ ಪುಟ್ಟ ಪರವಾನಗಿ ಫೈಲು ನಿಮ್ಮ ಖಾತೆಗೂ ನಿಮ್ಮ ಯಂತ್ರಕ್ಕೂ ಕಟ್ಟಿಕೊಂಡಿರುತ್ತದೆ. ಯಂತ್ರ ಬದುಕಿರುವಾಗಲೇ ಅದನ್ನು ತೆಗೆದಿಡಬೇಕು. ಸತ್ತ ಮೇಲೆ ಹಾರ್ಡ್ ಡಿಸ್ಕ್ ಉಳಿದರೂ ಅದರ ಗೂಢಲಿಪಿಯ ಕೀಲಿ ಆ ಯಂತ್ರದ ಜೊತೆಗೇ ಹೋಗಿರುತ್ತದೆ. ಡಿಜಿಟಲ್ ಬ್ಯಾಕಪ್ಪಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ವೀ ಯುನಲ್ಲಿ ಡಂಪ್ಲಿಂಗ್ ಎಂಬ ಸಾಧನ ಡಿಸ್ಕಿನ ಆಟ, ಡೌನ್‌ಲೋಡ್ ಆಟ ಎರಡನ್ನೂ ಎಸ್‌ಡಿ ಕಾರ್ಡಿಗೆ ಇಳಿಸುತ್ತದೆ. ಸೇವ್ ಫೈಲನ್ನು ಮರೆಯಬೇಡಿ. ನೂರು ಗಂಟೆ ಆಡಿದವನಿಗೆ ಆಟಕ್ಕಿಂತ ಅದು ದೊಡ್ಡದು, ಅದರ ಮೇಲೆ ಯಾವ ಕಂಪನಿಯ ತಕರಾರೂ ಇಲ್ಲ.

ತೆಗೆದ ಪ್ರತಿ ಸರಿಯಾಗಿದೆಯೇ ಎಂದು ನೋಡುವುದೂ ಒಂದು ಕೆಲಸ. ಪ್ರತಿ ಫೈಲಿಗೂ ಒಂದು ಹ್ಯಾಷ್ ಸಂಖ್ಯೆ ಲೆಕ್ಕ ಹಾಕಬಹುದು; ಒಂದೇ ಒಂದು ಬಿಟ್ ತಪ್ಪಿದರೂ ಸಂಖ್ಯೆ ಪೂರಾ ಬದಲಾಗುತ್ತದೆ. ರೀಡಂಪ್ ಎಂಬ ಹವ್ಯಾಸಿಗಳ ಕೋಶ ಡಿಸ್ಕುಗಳ ಇಂಥ ಸಂಖ್ಯೆಗಳನ್ನು ಪಟ್ಟಿ ಮಾಡುತ್ತದೆ. ಆಟವನ್ನಲ್ಲ, ಬರೀ ಅದರ ಬೆರಳಚ್ಚನ್ನು. ಎರಡು ಕಡೆ ಇಡಿ, ಒಂದು ಮನೆಯ ಹೊರಗೆ. ನದಿ ದಂಡೆಯವರಿಗೆ ಇದನ್ನು ಒತ್ತಿ ಹೇಳಬೇಕಾಗಿ ಬಂದದ್ದೇ ಬೇಸರ.

ಇಷ್ಟೆಲ್ಲ ತಲೆನೋವು ಒಬ್ಬ ಹುಡುಗನ ಮನರಂಜನೆಗೆ ಮಾತ್ರವೇ? ಅಲ್ಲ, ನಮ್ಮ ಆಟಗಳ ಚರಿತ್ರೆ ಉಳಿಯುವುದಕ್ಕೂ ಹೌದು. 2009ರಲ್ಲಿ ಹೈದರಾಬಾದಿನ ಆರೋನಾ ಟೆಕ್ನಾಲಜೀಸ್ ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ಮಾಡಿತು. ಪೂರ್ತಿ ಭಾರತದಲ್ಲೇ ತಯಾರಾದ ಮೊದಲ ಕನ್ಸೋಲ್ ಆಟ ಎಂದು ಅದನ್ನು ಹೇಳುತ್ತಾರೆ. ಅದೇ ವರ್ಷ ಅದೇ ಊರಿನ ಗೇಮ್‌ಶಾಸ್ತ್ರ ಕಬಡ್ಡಿ, ಚಿಣ್ಣಿಕೋಲು, ಗಾಳಿಪಟಗಳ ‘ದೇಸಿ ಅಡ್ಡ’ ತಂದಿತು. ಆಗ ಹೈದರಾಬಾದು ಈ ರಾಜ್ಯದ್ದೇ ರಾಜಧಾನಿ. ಆಟಗಳಾಗಿ ಅವು ಅಷ್ಟಕ್ಕಷ್ಟೇ. ಹನುಮಂತನ ನಡಿಗೆ ನೋಡಿದರೆ ಲಂಕೆ ತಲುಪುವುದು ಅನುಮಾನ. ಆದರೂ ಮೊದಲನೆಯದು ಮೊದಲನೆಯದೇ. ಇಂದು ಅವುಗಳ ಬದುಕು ಹಳೇ ಡಿಸ್ಕುಗಳಲ್ಲಿ, ಮತ್ತು ಆ ಡಿಸ್ಕುಗಳನ್ನು ಕೆಡುವ ಮುನ್ನ ಪ್ರತಿ ಮಾಡಿ ಎಮ್ಯುಲೇಟರಿನಲ್ಲಿ ತೆರೆದು ನೋಡುವ ಕೆಲವು ಹಟಮಾರಿಗಳ ಹಾರ್ಡ್ ಡಿಸ್ಕಿನಲ್ಲಿ. ಪುಸ್ತಕಗಳಿಗೆ 1954ರ ಕಾಯ್ದೆಯಿದೆ, ಪ್ರಕಾಶಕ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಲೇಬೇಕು. ಸಿನಿಮಾಗೆ ಪುಣೆಯ ಸಂಗ್ರಹಾಲಯ ಬಂತು, 1964ರಲ್ಲಿ. ಅಷ್ಟು ಹೊತ್ತಿಗೆ ತಡವಾಗಿತ್ತು. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’, ನಿರ್ದೇಶಿಸಿದವರು ತೆಲುಗಿನ ವೈ.ವಿ. ರಾವ್, ಅದರ ಒಂದು ಪ್ರಿಂಟೂ ಉಳಿದಿಲ್ಲ. ಆಟಗಳಿಗೆ ಕಾಯ್ದೆಯೂ ಇಲ್ಲ, ಸಂಗ್ರಹಾಲಯವೂ ಇಲ್ಲ. ಅಮೆರಿಕದಲ್ಲಿ 2010ಕ್ಕಿಂತ ಹಿಂದೆ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ನಮ್ಮಲ್ಲಿ ಲೆಕ್ಕ ಹಾಕುವವರೂ ಇಲ್ಲ.

ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ಒಂದು ಕಾನೂನು ಜಾರಿಗೆ ತಂದಿದೆ: ಡಿಜಿಟಲ್ ಸರಕು ಮಾರುವವನು ಗಿರಾಕಿಗೆ ಸಿಗುತ್ತಿರುವುದು ಬರೀ ಪರವಾನಗಿ ಎಂದು ಮೊದಲೇ ತಿಳಿಸಬೇಕು. ಇದು ನನಗೆ ಅರ್ಧ ನ್ಯಾಯವಾಗಿ ಕಾಣುತ್ತದೆ. ಮೋಸವನ್ನು ದಪ್ಪ ಅಕ್ಷರದಲ್ಲಿ ಬರೆದರೆ ಮೋಸ ಕಡಿಮೆಯಾಗುವುದಿಲ್ಲ. ಅಂಗಡಿ ಮುಚ್ಚುವ ದಿನ ಬೀಗ ತೆಗೆದ ಪ್ರತಿ ಕೊಡಿ ಎಂದು ಕಡ್ಡಾಯ ಮಾಡಿದ್ದರೆ ಪೂರ್ತಿ ನ್ಯಾಯ.

ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅದಕ್ಕಿಂತ ಹರಿತವಾದ ಆಯುಧ, ಇನ್ನೂ ಒರೆಯಲ್ಲೇ ಇದೆ. ಅದರ 2(46) ‘ಅನ್ಯಾಯದ ಕರಾರು’ ಯಾವುದೆಂದು ವಿವರಿಸುತ್ತದೆ. ಸಕಾರಣವಿಲ್ಲದೆ ಒಬ್ಬನೇ ಏಕಪಕ್ಷೀಯವಾಗಿ ಒಪ್ಪಂದ ಮುಗಿಸಬಲ್ಲ ಷರತ್ತೂ ಅದರಲ್ಲಿ ಸೇರಿದೆ. ಇದು ಹೆಚ್ಚುಕಮ್ಮಿ ಪ್ರತಿ ಗೇಮ್ ಅಂಗಡಿಯ ನಿಯಮಾವಳಿಯಲ್ಲೂ ಇರುವ ಸಾಲು. ಇಂಥ ಷರತ್ತನ್ನು ಅಸಿಂಧು ಎಂದು ಸಾರುವ ಅಧಿಕಾರ ರಾಜ್ಯ ಗ್ರಾಹಕ ಆಯೋಗಕ್ಕಿದೆ. ದೂರು ಕೊಡಲು ಕಂಪನಿಯ ಊರಿಗೆ ಹೋಗಬೇಕಾಗಿಲ್ಲ. ದೂರುದಾರ ವಾಸಿಸುವ ರಾಜ್ಯದ ಆಯೋಗ ಸಾಕು, ಆನ್‌ಲೈನಿನಲ್ಲೇ ಸಲ್ಲಿಸಬಹುದು. ಒಂದು ತೊಂದರೆ: ನಿಂಟೆಂಡೊದ ಆನ್‌ಲೈನ್ ಅಂಗಡಿ ಭಾರತಕ್ಕೆ ಬಾಗಿಲು ತೆರೆದಿಲ್ಲ. ಇಲ್ಲಿಯವರು ಅಮೆರಿಕದ ಖಾತೆ ಮಾಡಿಕೊಂಡು ಕೊಳ್ಳುತ್ತಾರೆ, ಅಂಥವರ ದೂರು ಮೊದಲ ಮೆಟ್ಟಿಲಲ್ಲೇ ಜಾರಬಹುದು. ಸೋನಿ, ಮೈಕ್ರೋಸಾಫ್ಟ್ ರೂಪಾಯಿಯಲ್ಲೇ ವ್ಯಾಪಾರ ಮಾಡುತ್ತವೆ, ಅಲ್ಲಿ ಆ ನೆಪವಿಲ್ಲ. ದೂರು ಕೊಡುವ ಮನಸ್ಸಿರುವವರು ಕೊಂಡ ಆಟಗಳ ರಸೀದಿ ಮತ್ತು ಖರೀದಿ ಪಟ್ಟಿಯನ್ನು ಇವತ್ತೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಖಾತೆ ಮುಚ್ಚಿದ ದಿನ ಆ ಪಟ್ಟಿಯೂ ತೆರೆಯುವುದಿಲ್ಲ.